ಗ್ಲೌಸ್ ಹಾಕಿದ ಕೈ ಉರಿಯುವುದೇಕೆ?

ಓದುಗರ ಪ್ರಶ್ನೆ, ಚರ್ಮವೈದ್ಯೆಯ ಉತ್ತರ

ಹುಳುಕಡ್ಡಿಯ ಬಗ್ಗೆ ಬರೆದ ಸಂಚಿಕೆ ಬಂದ ಮೇಲೆ ನನ್ನ ಕೈ ಸೇರಿದ ಪತ್ರಗಳಲ್ಲಿ ಒಂದು ಕಟ್ಟು ಬೇರೆಯೇ ಇತ್ತು. ಬರೆದವರು ಆಸ್ಪತ್ರೆಯಲ್ಲಿ ದುಡಿಯುವವರು, ಇಲ್ಲವೇ ಅವರ ಮನೆಯವರು. ಕುಮಟಾದ ನನ್ನ ಕ್ಲಿನಿಕ್ಕಿಗೆ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರೂ, ದೇವಿಮನೆ ಘಟ್ಟ ಇಳಿದು ಶಿರಸಿ, ಸಿದ್ದಾಪುರದವರೂ ಬರುತ್ತಾರೆ. ಹಾಗಾಗಿ ಇಂಥ ಕೈಗಳು ನನಗೆ ಹೊಸತಲ್ಲ. ಹೆಚ್ಚಿನ ಪತ್ರಗಳು ಶುರುವಾಗುವುದೇ "ನನಗೆ ಗ್ಲೌಸ್ ಅಲರ್ಜಿ" ಎಂಬ ಮಾತಿನಿಂದ. ಆ ಮಾತು ಬಹಳ ಜನರ ವಿಷಯದಲ್ಲಿ ಸರಿಯಲ್ಲ, ಕೆಲವರ ವಿಷಯದಲ್ಲಿ ಸರಿ, ಒಬ್ಬರ ವಿಷಯದಲ್ಲಂತೂ ಜೀವದ ಪ್ರಶ್ನೆ. ಯಾವುದು ಯಾವುದೆಂದು ಬೇರೆ ಮಾಡಿಕೊಳ್ಳದೆ ಕ್ರೀಮು ಬದಲಿಸುತ್ತ ಹೋದರೆ ಕೈ ವಾಸಿಯಾಗದು. ಈ ಸಲದ ಪುಟಗಳನ್ನು ಪೂರ್ತಿ ಅವರಿಗೇ ಬಿಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನಾನು ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಕಳೆದ ಮಳೆಗಾಲದಿಂದ ಎರಡೂ ಕೈಗಳ ಹಿಂಬದಿ ಕೆಂಪಾಗಿ ಒಡೆಯುತ್ತಿದೆ. ಸ್ಯಾನಿಟೈಜರ್ ಹಾಕಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಈಚೆಗೆ ಮಣಿಕಟ್ಟಿನಲ್ಲಿ, ಗ್ಲೌಸ್ ಮುಗಿಯುವ ಕಡೆ, ಬಳೆಯ ಹಾಗೆ ಸುತ್ತ ತುರಿಕೆ, ಸಣ್ಣ ನೀರುಗುಳ್ಳೆ. ಗ್ಲೌಸ್ ಹಾಕುವ ಮೊದಲು ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇನೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮು ಹಚ್ಚಿದರೆ ನಾಲ್ಕು ದಿನ ಅಡ್ಡಿಯಿಲ್ಲ, ಬಿಟ್ಟರೆ ಮೊದಲಿಗಿಂತ ಜೋರು. ನಂಜು ಎಂದು ಅತ್ತೆ ಬಂಗಡೆ, ಬದನೆಕಾಯಿ ಎಲ್ಲ ಬಿಡಿಸಿದ್ದಾರೆ. ನೈಟ್ರೈಲ್ ಗ್ಲೌಸ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಜೊತೆಯವರು. ಕೆಲಸವನ್ನೇ ಬಿಡಬೇಕಾದೀತೇ?
ಸ್ಟಾಫ್ ನರ್ಸ್, ಕಾರವಾರ

ಉತ್ತರ: ಕೆಲಸ ಬಿಡಬೇಡಿ. ಬಂಗಡೆಯನ್ನೂ ಬಿಡಬೇಡಿ. ನಿಮ್ಮ ಕೈಗೆ ಆಗಿರುವುದು ಹೊರಗಿನಿಂದ ತಾಗಿದ್ದರಿಂದ, ಊಟದಿಂದ ಅಲ್ಲ. ಅತ್ತೆಯವರು ಕಾಳಜಿಯಿಂದಲೇ ಹೇಳಿದ್ದಾರೆ, ಅವರ ಮೇಲೆ ಬೇಸರ ಬೇಡ. ಈ ಪುಟವನ್ನು ಅವರಿಗೂ ಓದಿ ಹೇಳಿ, ಮತ್ತು ಅದೇ ಕಾಳಜಿಯಿಂದ ಇನ್ನೊಂದು ಸಹಾಯ ಮಾಡಲಿಕ್ಕೆ ಕೇಳಿ: ಕೈ ವಾಸಿಯಾಗುವವರೆಗೆ ಮೀನು ಕೊಯ್ಯುವುದು, ಬೆಳ್ಳುಳ್ಳಿ ಸುಲಿಯುವುದು, ಪಾತ್ರೆ ತೊಳೆಯುವುದು ಬೇರೆ ಯಾರದ್ದಾದರೂ ಪಾಲಿಗಿರಲಿ. ಡ್ಯೂಟಿಯಲ್ಲಿ ನೆನೆದ ಕೈ ಮನೆಗೆ ಬಂದು ಮತ್ತೆ ನೆನೆಯುತ್ತದೆ. ನಮ್ಮ ಹೆಣ್ಣುಮಕ್ಕಳ ಕೈ ಬೇಗ ವಾಸಿಯಾಗದಿರುವುದಕ್ಕೆ ಅರ್ಧ ಕಾರಣ ಇದೇ ಎಂದು ನಾನು ಎಲ್ಲ ಗಂಡಂದಿರಿಗೂ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಒಂದಲ್ಲ, ಎರಡು ತೊಂದರೆಗಳಿವೆ. ಕೈಯ ಹಿಂಬದಿಯ ಒಡಕು, ಉರಿ ಒಂದು. ಮಣಿಕಟ್ಟಿನ ತುರಿಕೆ ಇನ್ನೊಂದು.

ಮೊದಲನೆಯದು ಅಲರ್ಜಿಯಲ್ಲ, ಸವೆತ. ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಜಿಡ್ಡಿನ ಅಂಶವಿದ್ದು ಅದೇ ನೀರನ್ನು ಒಳಗೆ ಹಿಡಿದಿಡುತ್ತದೆ. ಸೋಪು ಆ ಜಿಡ್ಡನ್ನು ತೊಳೆದುಬಿಡುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೈ ಒದ್ದೆಯಿದ್ದರೆ, ಅಥವಾ ಅಷ್ಟೇ ಹೊತ್ತು ಗ್ಲೌಸ್ ಒಳಗಿದ್ದರೆ, ಅಥವಾ ಇಪ್ಪತ್ತಕ್ಕಿಂತ ಹೆಚ್ಚು ಸಲ ತೊಳೆದರೆ ಅದನ್ನು 'ಒದ್ದೆ ಕೆಲಸ' ಎಂದೇ ಲೆಕ್ಕ ಹಾಕುತ್ತಾರೆ. ಸರ್ಜರಿ ವಾರ್ಡಿನ ನರ್ಸಿಗೆ ಮೂರೂ ಒಟ್ಟಿಗೇ ಬರುತ್ತವೆ. ಗ್ಲೌಸಿನಿಂದ ಬೆವರು ಹೊರಗೆ ಹೋಗುವುದಿಲ್ಲ. ಕಾರವಾರದ ಸೆಕೆಯಲ್ಲಿ ಗ್ಲೌಸ್ ತೆಗೆದರೆ ಬೆರಳು ಸುಕ್ಕುಗಟ್ಟಿರುತ್ತದೆಯಲ್ಲ, ಹಾಗೆ ನೆನೆದ ಚರ್ಮ ತೀರಾ ದುರ್ಬಲ. ಆಸ್ಪತ್ರೆ ಸಿಬ್ಬಂದಿಯ ಕೈಯಲ್ಲಿ ಕಾಣುವ ತೊಂದರೆಯಲ್ಲಿ ಬಹುಪಾಲು ಈ ಜಾತಿಯದೇ.

ಇಲ್ಲಿ ಹೆಚ್ಚಿನವರು ದೂಷಿಸುವುದು ಸ್ಯಾನಿಟೈಜರನ್ನು. ಆದರೆ ಅದು ಉರಿಸುವುದು ಆಗಲೇ ಒಡೆದ ಚರ್ಮವನ್ನು, ಒಡೆದದ್ದು ಸೋಪಿನಿಂದ. ಸ್ಯಾನಿಟೈಜರಿಗೆ ಹ್ಯಾಂಡ್‌ರಬ್, ಚಿಕ್ಕದಾಗಿ ರಬ್, ಎಂದೂ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ ಹ್ಯಾಂಡ್‌ರಬ್‌ನಲ್ಲಿ ಶೇ 80 ಎಥನಾಲ್ ಅಥವಾ ಶೇ 75 ಐಸೊಪ್ರೊಪೈಲ್ ಆಲ್ಕೋಹಾಲ್ ಜೊತೆಗೆ ಶೇ 1.45 ಗ್ಲಿಸರಿನ್ ಇರುತ್ತದೆ. ಆ ಗ್ಲಿಸರಿನ್ ಇರುವುದೇ ಚರ್ಮ ಒಣಗದಿರಲಿ ಎಂದು. ಉರಿಯುತ್ತದೆಂದು ರಬ್ ಬಿಟ್ಟು ಮತ್ತೆ ಮತ್ತೆ ಸೋಪಿನಲ್ಲಿ ತೊಳೆದರೆ ಒಡಕು ಇನ್ನಷ್ಟು ಆಳವಾಗುತ್ತದೆ. ಕೈಗೆ ರಕ್ತ, ಕೊಳೆ ಕಣ್ಣಿಗೆ ಕಾಣುವಂತೆ ತಾಗಿದಾಗ ಸೋಪು ಮತ್ತು ನೀರು, ಉಳಿದಂತೆ ರಬ್. ಸೋಪಿನಲ್ಲಿ ತೊಳೆದ ಬೆನ್ನಿಗೇ ರಬ್ ಹಾಕುವ ಅಭ್ಯಾಸ ಬಹಳ ಜನರಿಗಿದೆ. ಅದರಿಂದ ಲಾಭವಿಲ್ಲ, ಚರ್ಮಕ್ಕೆ ಎರಡು ಪಟ್ಟು ಹಾನಿ. ಇನ್ನೊಂದು: ರಬ್ ಪೂರ್ತಿ ಆರಿದ ಮೇಲೆ ಮಾತ್ರ ಗ್ಲೌಸ್ ಹಾಕಿ. ಅವಸರಕ್ಕೆ ಒದ್ದೆ ಕೈಯಲ್ಲೇ ಎಳೆದುಕೊಂಡರೆ ಆ ದ್ರವ ಒಳಗೇ ಸಿಕ್ಕಿಕೊಂಡು ಕೈಯನ್ನು ಕೊರೆಯುತ್ತದೆ.

ಈಗ ಮಣಿಕಟ್ಟಿಗೆ ಬರೋಣ. ಗ್ಲೌಸ್ ಅಂಚಿನಲ್ಲಿ ಗೆರೆ ಎಳೆದಂತೆ ನಿಲ್ಲುವ ತುರಿಕೆ ಮತ್ತು ನೀರುಗುಳ್ಳೆ ಕಂಡರೆ ನನಗೆ ನಿಜವಾದ ಅಲರ್ಜಿಯ ಸಂಶಯ ಬರುತ್ತದೆ. ರಬ್ಬರ್ ಹಾಲಿಗೆ ಹಿಗ್ಗುವ, ಕುಗ್ಗುವ ಗುಣ ಬರಲು ಗಂಧಕ ಸೇರಿಸಿ ಬಿಸಿ ಮಾಡುತ್ತಾರೆ. ಆ ಕ್ರಿಯೆ ಬೇಗ ಆಗಲೆಂದು ಥೈಯುರಾಮ್, ಕಾರ್ಬಮೇಟ್, ಮರ್ಕ್ಯಾಪ್ಟೊಬೆಂಜೊಥಯಜೋಲ್ ಎಂಬ ರಾಸಾಯನಿಕಗಳನ್ನು ಹಾಕುತ್ತಾರೆ. ಇವಕ್ಕೆ ಆಕ್ಸಲರೇಟರ್ ಎನ್ನುತ್ತಾರೆ. ಗ್ಲೌಸ್ ಅಲರ್ಜಿ ಎಂದರೆ ಹೆಚ್ಚಾಗಿ ಈ ರಾಸಾಯನಿಕಗಳ ಅಲರ್ಜಿ. ಗಟ್ಟಿ ಚರ್ಮವಿದ್ದಾಗ ಇವು ಒಳಗೆ ಇಳಿಯುವುದು ಕಷ್ಟ. ನಿಮ್ಮ ಕೈ ಮಳೆಗಾಲದಲ್ಲಿ ಒಡೆಯಿತು, ಆಮೇಲೆ ಮಣಿಕಟ್ಟು ತುರಿಸತೊಡಗಿತು. ಈ ಕ್ರಮ ಆಕಸ್ಮಿಕವಲ್ಲ ಎಂದು ನನ್ನ ಅನಿಸಿಕೆ. ಸವೆತವೇ ಅಲರ್ಜಿಗೆ ಬಾಗಿಲು ತೆರೆಯುತ್ತದೆ.

ಈ ಬಗೆಯ ಅಲರ್ಜಿ ತಕ್ಷಣ ಕಾಣುವುದಿಲ್ಲ. ಒಂದರಿಂದ ಮೂರು ದಿನ ಹಿಡಿಯುತ್ತದೆ. ಸೋಮವಾರದ ಗ್ಲೌಸಿನ ತುರಿಕೆ ಬುಧವಾರ, ನೀವು ರಜೆಯಲ್ಲಿ ಮನೆಯಲ್ಲಿರುವಾಗ ಏಳಬಹುದು. ಆಗ ನೀವು ಬೈಯುವುದು ಮನೆಯ ಪಾತ್ರೆ ಸೋಪನ್ನು.

ಜೊತೆಯವರು ಹೇಳಿದ ನೈಟ್ರೈಲ್ ಬಗ್ಗೆ ಗಮನವಿಟ್ಟು ಓದಿ. ನೈಟ್ರೈಲ್ ಎಂದರೆ ಕೃತಕ ರಬ್ಬರ್, ಅದರಲ್ಲಿ ರಬ್ಬರ್ ಮರದ ಪ್ರೋಟೀನು ಇಲ್ಲ, ನಿಜ. ಆದರೆ ಆಕ್ಸಲರೇಟರ್ ಅದರಲ್ಲೂ ಇರಬಹುದು. ಲ್ಯಾಟೆಕ್ಸ್, ಅಂದರೆ ರಬ್ಬರ್ ಮರದ ಹಾಲಿನ ಗ್ಲೌಸ್, ಬಿಟ್ಟು ನೈಟ್ರೈಲ್ ಹಾಕಿದರೂ ತುರಿಕೆ ಹೋಗದ ನರ್ಸುಗಳು "ನನಗೆ ಎಲ್ಲದಕ್ಕೂ ಅಲರ್ಜಿ" ಎಂದು ಅಳುತ್ತ ಬರುತ್ತಾರೆ. ಅವರಿಗೆ ಅಲರ್ಜಿಯಿರುವುದು ಎರಡರಲ್ಲೂ ಇರುವ ಒಂದೇ ವಸ್ತುವಿಗೆ. ಆಕ್ಸಲರೇಟರ್ ಇಲ್ಲದ ನೈಟ್ರೈಲ್ ಗ್ಲೌಸ್ ಸಿಗುತ್ತದೆ, ಡಬ್ಬಿಯ ಮೇಲೆ ಹಾಗೆಂದು ಬರೆದಿರುತ್ತದೆ. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಗ್ಲೌಸಿನಲ್ಲಿ ಈ ರಬ್ಬರ್ ರಾಸಾಯನಿಕಗಳಿಲ್ಲ, ಆದರೆ ಅದು ಬೇಗ ತೂತಾಗುತ್ತದೆ. ಹಾಸಿಗೆ ಬದಲಿಸಲು ನಡೆದೀತು. ರಕ್ತದ ಕೆಲಸಕ್ಕೆ ನಾನು ಒಪ್ಪುವುದಿಲ್ಲ.

ಊಹೆಯ ಮೇಲೆ ಡಬ್ಬಿ ಬದಲಿಸುವ ಮೊದಲು ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಿ. ಸೂಜಿ ಇಲ್ಲ, ರಕ್ತ ಇಲ್ಲ. ಟೇಪಿನ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಬಟ್ಟಲುಗಳಿರುತ್ತವೆ, ಒಂದೊಂದರಲ್ಲಿ ವ್ಯಾಸಲೀನಿನಲ್ಲಿ ಕಲಸಿದ ಒಂದೊಂದು ವಸ್ತು. ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ನಂಬರು ಬರೆದು, 48 ಗಂಟೆ ಬಿಡುತ್ತೇವೆ. ತೆಗೆದು ಒಮ್ಮೆ ನೋಡುತ್ತೇವೆ, 96 ಗಂಟೆಗೆ ಇನ್ನೊಮ್ಮೆ. ಅಲರ್ಜಿಯಿದ್ದ ಬಟ್ಟಲಿನ ಜಾಗದಲ್ಲಿ ಕಾಸಿನಗಲ ಕೆಂಪಾಗಿ ಉಬ್ಬಿರುತ್ತದೆ, ಸಣ್ಣ ಗುಳ್ಳೆಗಳೂ ಇರಬಹುದು. ನಮ್ಮ ದೇಶಕ್ಕೆಂದೇ ಸಿದ್ಧಪಡಿಸಿದ ಸರಣಿಯಲ್ಲಿ ರಬ್ಬರ್ ರಾಸಾಯನಿಕ, ನಿಕ್ಕೆಲ್, ಸುಗಂಧಗಳಲ್ಲದೆ ಕಾಂಗ್ರೆಸ್ ಗಿಡ ಕೂಡ ಇದೆ. ನನ್ನಲ್ಲಿಗೆ ಬರುವವರಿಗೆ ನಾನು ಹೇಳುವುದು: ವಾರ್ಡಿನಲ್ಲಿ ಬಳಸುವ ಪ್ರತಿ ಬ್ರ್ಯಾಂಡಿನ ಹೊಸ ಗ್ಲೌಸ್ ಒಂದೊಂದನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆದು ತನ್ನಿ. ಮಣಿಕಟ್ಟಿನ ಕಡೆಯಿಂದ ಒಂದು ಚಿಕ್ಕ ಚೌಕ ಕತ್ತರಿಸಿ, ಒಳಮೈ ಚರ್ಮಕ್ಕೆ ತಾಗುವಂತೆ ಅದನ್ನೂ ಬೆನ್ನಿಗೆ ಅಂಟಿಸುತ್ತೇನೆ. ಡಬ್ಬಿಯ ಮೇಲೆ ಬರೆಯದಿರುವುದನ್ನು ಕೆಲವೊಮ್ಮೆ ಆ ಚೂರು ಹೇಳುತ್ತದೆ. ಬೆನ್ನು ಒದ್ದೆಯಾಗಬಾರದು, ಬೆವರಬಾರದು. ನಮ್ಮ ಏಪ್ರಿಲ್, ಮೇ ಸೆಕೆಗೆ ಟೇಪು ನಿಲ್ಲುವುದಿಲ್ಲ. ದೀಪಾವಳಿ ಕಳೆದ ಮೇಲೆ ಮಾಡಿಸುವುದು ಒಳ್ಳೆಯದು. ಆ ದಿನಗಳಲ್ಲಿ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಇದ್ದ ಅಲರ್ಜಿಯೂ ಅದರಿಂದ ಕಾಣದೆ ಹೋಗಬಹುದು.

ತೆಂಗಿನೆಣ್ಣೆ ಒಳ್ಳೆಯದೇ. ಆದರೆ ಲ್ಯಾಟೆಕ್ಸ್ ಗ್ಲೌಸಿನ ಒಳಗೆ ಬೇಡವೇ ಬೇಡ. ಎಣ್ಣೆ, ತುಪ್ಪ, ವ್ಯಾಸಲೀನು ಯಾವುದಾದರೂ ಲ್ಯಾಟೆಕ್ಸನ್ನು ಮೆತ್ತಗೆ ಮಾಡುತ್ತದೆ, ಕಣ್ಣಿಗೆ ಕಾಣದಂತೆ ಗ್ಲೌಸ್ ಹರಿಯುತ್ತದೆ. ಅದೇ ಎಣ್ಣೆಯನ್ನು ರಾತ್ರಿ ಹಚ್ಚಿ. ನಿಮ್ಮಲ್ಲಿ ಮುರುಗಲ (ಕೋಕಂ) ಬೀಜದ ತುಪ್ಪ ಇದ್ದರೆ ಇನ್ನೂ ಒಳ್ಳೆಯದು. ಕೈ ಒರಟಾದರೆ, ಹಿಮ್ಮಡಿ ಒಡೆದರೆ ನಮ್ಮ ಜಿಲ್ಲೆಯ ಅಜ್ಜಿಯಂದಿರು ಹಚ್ಚುತ್ತಿದ್ದದ್ದು ಅದನ್ನೇ, ಘಟ್ಟದ ಮೇಲೆ ಉಪ್ಪಾಗೆ ತುಪ್ಪವನ್ನೂ. ಎರಡೂ ಚರ್ಮದ ಮೇಲೆ ಪದರ ಕಟ್ಟಿ ನೀರು ಆರದಂತೆ ತಡೆಯುತ್ತವೆ, ಮಲಗುವ ಹೊತ್ತಿಗೆ ಅದೇ ಬೇಕಾದದ್ದು. ಹಚ್ಚಿದ ಮೇಲೆ ತೆಳು ಹತ್ತಿಯ ಕೈಗವಸು ಹಾಕಿಕೊಂಡು ಮಲಗಿ. ಡ್ಯೂಟಿಯ ನಡುವೆ ಸುಗಂಧವಿಲ್ಲದ, ನೀರಿನ ಅಂಶ ಹೆಚ್ಚಿರುವ ಕ್ರೀಮು ಸಾಕು. ತೋರುಬೆರಳಿನ ತುದಿಯ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಒಂದು ಕೈಯ ಎರಡೂ ಬದಿಗೆ ಆಗುತ್ತದೆ. ಚಹಾಕ್ಕೆ ಹೋಗುವಾಗ, ಊಟ ಆದ ಮೇಲೆ, ಡ್ಯೂಟಿ ಮುಗಿದಾಗ ಹಚ್ಚಿ. ಬೆರಳ ಸಂದಿಗಳನ್ನು ಮರೆಯಬೇಡಿ.

ಮೆಡಿಕಲ್ ಶಾಪಿನ ಕ್ರೀಮನ್ನು ಇಂದೇ ನಿಲ್ಲಿಸಿ, ಟ್ಯೂಬನ್ನು ಎಸೆಯದೆ ವೈದ್ಯರಿಗೆ ತೋರಿಸಿ. ನಾಲ್ಕು ದಿನದಲ್ಲಿ ಮಾಯ, ಬಿಟ್ಟ ತಕ್ಷಣ ಜೋರು ಎಂದರೆ ಅದರಲ್ಲಿ ಬಲವಾದ ಸ್ಟೀರಾಯ್ಡ್ ಇರುವುದು ಬಹುತೇಕ ಖಂಡಿತ, ಜೊತೆಗೆ ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು ಔಷಧ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕೈಯ ಇಸಬಿಗೆ ನಾವೂ ಸ್ಟೀರಾಯ್ಡ್ ಬರೆಯುತ್ತೇವೆ. ಆದರೆ ಯಾವ ಬಲದ್ದು, ಎಷ್ಟು ದಿನ, ಹೇಗೆ ಕಡಿಮೆ ಮಾಡುವುದು ಎಂಬ ಲೆಕ್ಕದಲ್ಲಿ.

ಕೊನೆಗೆ, ಕೆಲಸ ಬಿಡಬೇಕೇ ಎಂಬ ನಿಮ್ಮ ಪ್ರಶ್ನೆಗೆ. ಆಪರೇಷನ್ ಥಿಯೇಟರಿನ ರಬ್ಬರ್ ಗ್ಲೌಸಿನ ಚರಿತ್ರೆಯಲ್ಲೇ ನಿಮ್ಮಂಥ ಒಬ್ಬರಿದ್ದಾರೆ. 1889ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಥಿಯೇಟರ್ ನರ್ಸ್ ಕ್ಯಾರೊಲೈನ್ ಹ್ಯಾಂಪ್ಟನ್ ಅವರ ಕೈಗಳು ಕ್ರಿಮಿನಾಶಕಕ್ಕೆ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಕೆಟ್ಟುಹೋದವು. ಅವರು ಕೆಲಸ ಬಿಡುವ ಹಂತಕ್ಕೆ ಬಂದಾಗ ಸರ್ಜನ್ ವಿಲಿಯಂ ಹಾಲ್ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ರಬ್ಬರ್ ಗ್ಲೌಸ್ ಮಾಡಿಸಿದರು. ರೋಗಿಗೆ ಸೋಂಕು ತಗಲದಿರಲಿ ಎಂಬ ಉದ್ದೇಶ ಆಮೇಲೆ ಸೇರಿದ್ದು; ಮೊದಲು ಮಾಡಿಸಿದ್ದು ನರ್ಸಿನ ಚರ್ಮ ಉಳಿಸಲಿಕ್ಕೆ. ಆದ್ದರಿಂದ ನಿಮ್ಮ ಕೈಗೆ ಒಗ್ಗುವ ಗ್ಲೌಸ್ ಕೊಡಿ ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಪ್ಯಾಚ್ ಟೆಸ್ಟಿನ ಫಲಿತಾಂಶ ಜೊತೆಗಿಟ್ಟು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಮುಂದಿನ ಸ್ಟಾಕ್ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಕೈ ನೋಡಲು ಸರಿಯಾದ ಮೇಲೂ ಒಳಗಿನ ಬಲ ಮರಳಲು ತಿಂಗಳುಗಳು ಬೇಕು, ಆರೈಕೆ ನಡುವೆ ನಿಲ್ಲಿಸಬೇಡಿ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್. ಗ್ಲೌಸ್ ಹಾಕಿದ ಹತ್ತು ನಿಮಿಷಕ್ಕೇ ಕೈ ಮೇಲೆ ಪಿತ್ತದ ಗಂಧೆ ಏಳುತ್ತದೆ, ತೆಗೆದು ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಬೆಳಿಗ್ಗೆ ಎಲ್ಲರೂ ಗ್ಲೌಸ್ ಹಾಕುವಾಗ ನನಗೆ ಸೀನು, ಮೂಗಲ್ಲಿ ನೀರು. ಮಗಳ ಹುಟ್ಟುಹಬ್ಬಕ್ಕೆ ಬಲೂನ್ ಊದಿದಾಗ ತುಟಿ ಬಾತುಕೊಂಡಿತು. ಈಚೆಗೆ ಬಾಳೆಹಣ್ಣು ತಿಂದರೆ ಬಾಯಿ, ಗಂಟಲು ತುರಿಸುತ್ತದೆ. ದಿನಾ ಒಂದು ಸಿಟ್ರಿಜಿನ್ ನುಂಗಿ ಕೆಲಸ ಮಾಡುತ್ತಿದ್ದೇನೆ. ಅಭ್ಯಾಸವಾದರೆ ಹೋದೀತೇ?
ಅಂಕೋಲಾ

ಉತ್ತರ: ಹೋಗುವುದಿಲ್ಲ, ಹೆಚ್ಚಾಗುತ್ತದೆ. ಈ ಕಟ್ಟಿನಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ ಪತ್ರ ನಿಮ್ಮದು. ಪತ್ರಿಕೆಯಲ್ಲಿ ಬರುವವರೆಗೆ ಕಾಯದೆ ನಿಮಗೆ ಉತ್ತರ ಕಳಿಸಿದ್ದೇನೆ, ಇಲ್ಲಿ ಬರೆಯುತ್ತಿರುವುದು ನಿಮ್ಮಂಥ ಬೇರೆಯವರಿಗಾಗಿ.

ನಿಮಿಷಗಳಲ್ಲಿ ಏಳುವ ಗಂಧೆ, ಸೀನು, ತುಟಿ ಬಾವು: ಇದು ಕಾರವಾರದ ಸಹೋದರಿಯ ತೊಂದರೆಯಲ್ಲ. ರಬ್ಬರ್ ಮರದ ಹಾಲಿನಲ್ಲಿರುವ ಪ್ರೋಟೀನಿಗೆ ದೇಹ ತಕ್ಷಣ ತಿರುಗಿಬೀಳುವ ಅಲರ್ಜಿ. ಇವತ್ತು ತುಟಿ ಬಾತಿದೆ, ನಾಳೆ ಗಂಟಲು ಬಾತು ಉಸಿರು ಕಟ್ಟಬಹುದು, ರಕ್ತದೊತ್ತಡ ಕುಸಿಯಬಹುದು. ಸಿಟ್ರಿಜಿನ್ ತುರಿಕೆಯನ್ನು ಮುಚ್ಚಿಡುತ್ತದೆ, ಅಪಾಯವನ್ನು ತಡೆಯುವುದಿಲ್ಲ.

ನೀವು ಮುಟ್ಟದೆಯೂ ಸೀನುವುದಕ್ಕೆ ಕಾರಣ ಗ್ಲೌಸಿನ ಪೌಡರು. ಜೋಳದ ಪಿಷ್ಟದ ಆ ಪುಡಿಗೆ ಲ್ಯಾಟೆಕ್ಸ್ ಪ್ರೋಟೀನು ಅಂಟಿಕೊಂಡು, ಗ್ಲೌಸ್ ಎಳೆದಾಗ ಗಾಳಿಯಲ್ಲಿ ತೇಲುತ್ತದೆ. ಏಚ್‌ಐವಿ ಬಂದ ಮೇಲೆ, 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಲ್ಲ ರೋಗಿಗಳ ರಕ್ತವನ್ನೂ ಸೋಂಕಿದೆಯೆಂದೇ ಭಾವಿಸಿ ಕೆಲಸ ಮಾಡಿ ಎಂದಿತು. ಅಲ್ಲಿಂದ ಗ್ಲೌಸಿನ ಬಳಕೆ ಏರಿತು, ಹಿಂದೆಯೇ ಈ ಅಲರ್ಜಿಯೂ. ಅದೇ ದೇಶ 2017ರ ಜನವರಿಯಿಂದ ಪೌಡರ್ ಹಾಕಿದ ವೈದ್ಯಕೀಯ ಗ್ಲೌಸುಗಳನ್ನು ನಿಷೇಧಿಸಿದೆ. ನೀವೊಬ್ಬರೇ ಗ್ಲೌಸ್ ಬದಲಿಸಿದರೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಲ್ಯಾಬಿನ ಎಲ್ಲರೂ ಪೌಡರ್ ಇಲ್ಲದ್ದನ್ನೇ ಹಾಕಬೇಕು, ನೀವು ಲ್ಯಾಟೆಕ್ಸನ್ನು ಪೂರ್ತಿ ಬಿಡಬೇಕು. ಕಾರವಾರದವರಿಗೆ ಸಾಲದೆ ಹೋಗಬಹುದಾದ ನೈಟ್ರೈಲ್ ನಿಮಗೆ ಸಾಕು. ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನೂ ಬದಲಿಸಿ.

ಬಾಳೆಹಣ್ಣು ಈ ಕಥೆಯ ಹೊರಗಿನದಲ್ಲ. ಅದರ ಕೆಲವು ಪ್ರೋಟೀನುಗಳು ಲ್ಯಾಟೆಕ್ಸಿನ ಪ್ರೋಟೀನನ್ನು ಹೋಲುತ್ತವೆ. ಬೆಣ್ಣೆಹಣ್ಣು, ಕಿವಿಹಣ್ಣು, ಪಪ್ಪಾಯಿಗೂ ಹೀಗಾಗಬಹುದು. ತುರಿಸಿದ ಹಣ್ಣನ್ನು ಬಿಡಿ. ತುರಿಸದೆ ಇರುವುದನ್ನು ಹೆದರಿ ಬಿಡಬೇಕಿಲ್ಲ.

ಬಲೂನು ಬೇಡ. ಕಾಂಡೋಮ್ ಲ್ಯಾಟೆಕ್ಸ್ ಅಲ್ಲದ್ದಿರಲಿ. ಹಲ್ಲಿನ ಡಾಕ್ಟರು, ಆಪರೇಷನ್, ಕ್ಯಾಥೆಟರ್, ಎಲ್ಲಿ ಹೋದರೂ ಬಾಯಿ ತೆರೆಯುವ ಮೊದಲೇ ಲ್ಯಾಟೆಕ್ಸ್ ಅಲರ್ಜಿ ಎಂದು ಹೇಳಿ; ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ, ನಿಮಗೆ ಎಚ್ಚರ ತಪ್ಪಿದರೆ ಅದು ಮಾತಾಡಬೇಕು. ರಕ್ತದಲ್ಲಿ ಲ್ಯಾಟೆಕ್ಸ್ ಐಜಿಇ (ಅಲರ್ಜಿಯ ಪ್ರತಿಕಾಯ) ನೋಡುವ ಪರೀಕ್ಷೆ ಇದೆ, ಆದರೆ ಅದು ಇಲ್ಲ ಎಂದರೂ ನಿಮ್ಮಂಥ ಲಕ್ಷಣಗಳಿದ್ದಾಗ ನಾನು ಲಕ್ಷಣವನ್ನೇ ನಂಬುತ್ತೇನೆ. ಖಾತ್ರಿ ಮಾಡಿಕೊಳ್ಳಲೆಂದು ನೀವೇ ಮತ್ತೊಮ್ಮೆ ಗ್ಲೌಸ್ ಹಾಕಿ ನೋಡುವ ಪ್ರಯೋಗ ಖಂಡಿತ ಬೇಡ. ಉಸಿರಾಟಕ್ಕೆ ತೊಂದರೆಯಾದರೆ ಮೊದಲ ಔಷಧ ಅಡ್ರಿನಲಿನ್: ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಎವಿಲ್ (ಅಲರ್ಜಿಯ ಔಷಧ), ಡೆಕ್ಸಾ (ಸ್ಟೀರಾಯ್ಡ್) ಆಮೇಲೆ. ನೀವು ಕೆಲಸ ಮಾಡುವ ಜಾಗದಲ್ಲೇ ಅಡ್ರಿನಲಿನ್ ಇರುತ್ತದೆ. ಎಲ್ಲಿದೆ ಎಂಬುದು ನಿಮ್ಮ ಪಕ್ಕದವರಿಗೂ ಗೊತ್ತಿರಲಿ.

ಪ್ರಶ್ನೆ: ಮೇಡಂ, ನನ್ನ ಅಮ್ಮ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ಸ್ವಚ್ಛತೆ ಕೆಲಸ ಮಾಡುತ್ತಾಳೆ. ಬ್ಲೀಚಿಂಗ್ ನೀರಿನಲ್ಲಿ ಕೈ ಹಾಕಿ ಹಾಕಿ ಅಂಗೈ ಸುಲಿದಿದೆ, ಉಗುರಿನ ಬುಡ ಬಾತು ಕೀವು ಬರುತ್ತದೆ. ಕೊಟ್ಟ ರಬ್ಬರ್ ಗ್ಲೌಸ್ ತೂತಾಗಿದೆ, ಇಬ್ಬರಿಗೆ ಒಂದೇ ಜೊತೆ. ಕೇಳಿದರೆ ಕೆಲಸದಿಂದ ತೆಗೆಯುತ್ತಾರೆಂದು ಹೆದರುತ್ತಾಳೆ.
ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂತು, ನಿನ್ನ ಮೇಲಲ್ಲ ಮಗಳೇ. ಕೈ ತೊಂದರೆಯೆಂದು ನರ್ಸು ಬರುತ್ತಾರೆ, ಡಾಕ್ಟರು ಬರುತ್ತಾರೆ, ಅವರಿಗಿಂತ ಹೆಚ್ಚು ಹೊತ್ತು ಕೈ ನೆನೆಸುವ ಸ್ವಚ್ಛತೆಯ ಹೆಂಗಸರು ಮಾತ್ರ ಕೈ ಕೀವಾಗುವವರೆಗೆ ಬರುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆಂದು.

ತೂತಾದ ಗ್ಲೌಸ್, ಗ್ಲೌಸ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಒಳಗೆ ಹೋದ ಬ್ಲೀಚಿಂಗ್ ನೀರು ಹೊರಗೆ ಬರದೆ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಅಮ್ಮನಿಗೆ ಬೇಕಾದದ್ದು ಮೊಣಕೈ ಹತ್ತಿರ ಬರುವ ದಪ್ಪ ಗ್ಲೌಸ್, ಅವಳದೇ ಒಂದು ಜೊತೆ, ಒಳಗೆ ಹಾಕಲು ಹತ್ತಿಯ ತೆಳು ಗ್ಲೌಸ್ ಎರಡು ಜೊತೆ. ತೆಗೆಯುವ ಮೊದಲು ಹೊರಮೈ ತೊಳೆಯಬೇಕು, ಆಮೇಲೆ ಬಾಯಿ ಕೆಳಗೆ ಮಾಡಿ ನೇತುಹಾಕಬೇಕು. ಮಳೆಗಾಲದಲ್ಲಿ ಶಿರಸಿಯಲ್ಲಿ ಒಂದು ರಾತ್ರಿಗೆ ಏನೂ ಒಣಗುವುದಿಲ್ಲ, ಅದಕ್ಕೇ ಒಳಗಿನ ಹತ್ತಿಯದು ಎರಡು ಜೊತೆ. ಬ್ಲೀಚಿಂಗ್ ಪುಡಿಯನ್ನು ಕಣ್ಣಳತೆಯಲ್ಲಿ ಸುರಿಯುವುದನ್ನು ನಿಲ್ಲಿಸಿ, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಅಳತೆಯಲ್ಲೇ ಕಲಸಲಿ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಎಂಬುದು ಸುಳ್ಳು. ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಎದ್ದು ಶ್ವಾಸಕೋಶ ಸುಡುತ್ತದೆ.

ಉಗುರಿನ ಬುಡದ ಬಾವು ಉಗುರುಸುತ್ತು. ನೀರಿನಲ್ಲಿ ನೆನೆದು ನೆನೆದು ಉಗುರಿಗೂ ಚರ್ಮಕ್ಕೂ ನಡುವಿನ ಬೆಸುಗೆ ಬಿಟ್ಟು ಒಳಗೆ ಸೋಂಕು ಸೇರಿದೆ. ಕೀವಿದೆ ಎಂದ ಮೇಲೆ ಮನೆಮದ್ದು ಬೇಡ, ಈ ವಾರವೇ ವೈದ್ಯರಿಗೆ ತೋರಿಸು. ಹಾಗೆಯೇ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಕೇಳು. ಸುಲಿದ ಕೈಗೆ ರೋಗಿಯ ರಕ್ತ ತಾಗಿದರೆ ಒಳಗೆ ಹೋಗಲು ಸೂಜಿಯೇ ಚುಚ್ಚಬೇಕೆಂದಿಲ್ಲ.

ಕೇಳಲು ಹೆದರಿಕೆ ಎಂದೆಯಲ್ಲ, ಅಮ್ಮ ಕೇಳುತ್ತಿರುವುದು ಉಪಕಾರವನ್ನಲ್ಲ. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಆ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಸಾಕಷ್ಟು ರಕ್ಷಣಾ ಸಾಮಗ್ರಿ ಕೊಡುವುದು, ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸುವುದು ಆಸ್ಪತ್ರೆಯ ಹೊಣೆ. ಕಾಯಂ, ಗುತ್ತಿಗೆ ಎಂಬ ಭೇದ ಆ ಮಾತಿನಲ್ಲಿಲ್ಲ. ಒಬ್ಬಳೇ ಹೋಗುವುದು ಬೇಡ, ಜೊತೆಯಲ್ಲಿ ದುಡಿಯುವವರೆಲ್ಲ ಸೇರಿ ಒಂದು ಅರ್ಜಿ ಬರೆಯಲಿ, ಬರೆದುಕೊಡಲು ನೀನಿದ್ದೀಯ. ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ನೋಡಿಕೊಳ್ಳುವ ನರ್ಸ್ ಇದ್ದರೆ ಮೊದಲು ಅವರಿಗೆ ಕೊಡಿ. ಒಡೆದ ಕೈಯಲ್ಲಿ ರೋಗಾಣು ಹೆಚ್ಚು ಕೂರುತ್ತವೆ, ಅದು ರೋಗಿಗಳಿಗೂ ಕೇಡು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಪ್ರತಿ ವರ್ಷ ಬೇಸಿಗೆ ಶುರುವಾಗುವಾಗ ಮಾಸ್ಕಿನಿಂದ ನನ್ನ ಮುಖಕ್ಕೆ ಅಲರ್ಜಿಯಾಗುತ್ತದೆ. ಕಣ್ಣಿನ ರೆಪ್ಪೆ ಬಾತು, ಕತ್ತು, ಮುಂಗೈ ಎಲ್ಲ ಕಪ್ಪು ಕೆಂಪು. ಉಪ್ಪಿನಕಾಯಿ ಹಾಕುವ ಗಡಿಬಿಡಿಯಲ್ಲಿ ಆಸ್ಪತ್ರೆಗೆ ಬರುವುದೂ ಆಗಲಿಲ್ಲ. ಯಾವ ಮಾಸ್ಕ್ ಒಳ್ಳೆಯದು?
ನರ್ಸ್, ಶಿರಸಿ ತಾಲ್ಲೂಕು

ಉತ್ತರ: ಮಾಸ್ಕಿನ ಅಲರ್ಜಿ ಮಾಸ್ಕ್ ತಾಗುವಲ್ಲಿರಬೇಕು: ಮೂಗಿನ ಮೇಲೆ, ಕೆನ್ನೆಯಲ್ಲಿ ಅಂಚಿನುದ್ದಕ್ಕೆ, ದಾರ ಹಾಯುವ ಕಿವಿಯ ಹಿಂದೆ. ನಿಮ್ಮದು ರೆಪ್ಪೆ, ಕತ್ತು, ಮುಂಗೈ. ವರ್ಷವಿಡೀ ಮಾಸ್ಕ್ ಹಾಕುವವರಿಗೆ ಉಪ್ಪಿನಕಾಯಿಯ ಮಾವಿನ ಮಿಡಿ ಬರುವ ಹೊತ್ತಿಗೆ ಮಾತ್ರ ಏಕೆ ಆಗಬೇಕು? ಅಪ್ಪೆಮಿಡಿಯ ಪರಿಮಳ ಇರುವುದು ಸೊನೆಯಲ್ಲಿ, ನಿಮ್ಮ ತೊಂದರೆ ಇರುವುದೂ ಅದರಲ್ಲೇ ಎಂದು ನನ್ನ ಬಲವಾದ ಸಂಶಯ. ಮಾವು, ಗೇರು ಒಂದೇ ಕುಟುಂಬದ ಮರಗಳು. ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಕಾಡಿನ ಹೊಳೆಗೇರು ಇವೆಲ್ಲದರಲ್ಲೂ ಚರ್ಮವನ್ನು ಸುಡುವ, ಅಲರ್ಜಿ ಮಾಡುವ ಹೋಲಿಕೆಯ ವಸ್ತುಗಳಿವೆ. ತೊಟ್ಟು ಮುರಿದಾಗ ಚಿಮ್ಮುತ್ತದೆ, ಅದೇ ಬೆರಳಲ್ಲಿ ಕಣ್ಣು ಉಜ್ಜುತ್ತೀರಿ. ಅಂಗೈಯ ದಪ್ಪ ಚರ್ಮ ತಡೆದುಕೊಂಡದ್ದನ್ನು ರೆಪ್ಪೆಯ ತೆಳು ಚರ್ಮ ತಡೆಯಲಾರದು. ಮುಂದಿನ ವರ್ಷ ಮಿಡಿ ತೊಳೆದು ಒರೆಸುವುದನ್ನು ಬೇರೆಯವರಿಗೆ ಬಿಡಿ. ಸೊನೆ ತಾಗಿದರೆ ತಕ್ಷಣ ಸೋಪಿನಲ್ಲಿ ತೊಳೆಯಿರಿ. ಮಾಸ್ಕ್ ಈಗಿನದ್ದೇ ಇರಲಿ.

ಪ್ರಶ್ನೆ: ಆಂಬ್ಯುಲೆನ್ಸ್ ಕೆಲಸ. ಎನ್95 ಹಾಕಿ ಹಾಕಿ ಮೂಗಿನ ಮೇಲೆ ಗಾಯ, ಗಲ್ಲದಲ್ಲಿ ಮೊಡವೆ. ಒಳಗೆ ಹತ್ತಿ ಇಟ್ಟುಕೊಳ್ಳಬಹುದೇ?
ಹೊನ್ನಾವರ

ಉತ್ತರ: ಹತ್ತಿ ಇಟ್ಟರೆ ಸಂದಿಯಾಗಿ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಎನ್95 ಹಾಕಿಯೂ ಹಾಕದಂತೆ. ಕೊರೊನಾದ ಮೊದಲ ಅಲೆಯಲ್ಲಿ ಚೀನಾದ ಹುಬೆ ಪ್ರಾಂತ್ಯದ 542 ಆರೋಗ್ಯ ಸಿಬ್ಬಂದಿಯನ್ನು ಕೇಳಿದಾಗ ಶೇ 97 ಮಂದಿಗೆ ಚರ್ಮದ ತೊಂದರೆಯಿತ್ತು, ಎಲ್ಲಕ್ಕಿಂತ ಹೆಚ್ಚು ಮೂಗಿನ ಮೇಲೆ. ಅದು ಒತ್ತಡದ ಗಾಯ, ಅಲರ್ಜಿಯಲ್ಲ. ಗಾಯಕ್ಕೆ ಅಂಟಿಸುವ ತೆಳುವಾದ ಹೈಡ್ರೊಕೊಲಾಯ್ಡ್ ಪಟ್ಟಿ ಸಿಗುತ್ತದೆ, ಮೂಗಿಗೆ ಬೇಕಾದಷ್ಟೇ ಕತ್ತರಿಸಿ ಅಂಟಿಸಿ, ಮೇಲೆ ಮಾಸ್ಕ್ ಹಾಕಿ, ಜೋರಾಗಿ ಉಸಿರು ಬಿಟ್ಟು ಅಂಚಿನಲ್ಲಿ ಗಾಳಿ ಸೋರುತ್ತದೆಯೇ ನೋಡಿ. ಸೋರಿದರೆ ತೆಗೆದು ಮತ್ತೆ ಹಾಕಿ. ಮಾಸ್ಕಿನ ಒಳಗೆ ವ್ಯಾಸಲೀನು ಬೇಡ. ಮೊಡವೆಗೆ: ಡ್ಯೂಟಿಯ ಹೊತ್ತಿಗೆ ಪೌಡರು, ಜಿಡ್ಡಿನ ಕ್ರೀಮು ಬಿಡಿ, ಮುಖ ದಿನಕ್ಕೆ ಎರಡೇ ಸಲ ತೊಳೆಯಿರಿ. ಕಡಿಮೆಯಾಗದಿದ್ದರೆ ಬಂದು ತೋರಿಸಿ.

ಪ್ರಶ್ನೆ: ಮಗಳಿಗೆ ಚಿಕ್ಕವಳಿದ್ದಾಗ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಇಸಬು ಇತ್ತು. ಈಗ ಇಲ್ಲ. ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆ. ಈ ಕೆಲಸ ಅವಳ ಚರ್ಮಕ್ಕೆ ಆಗದು, ಬೇರೆ ಓದಿಸಿ ಎನ್ನುತ್ತಾರೆ. ಕಳಿಸಲೋ ಬೇಡವೋ?
ತಂದೆ, ಗೋಕರ್ಣ

ಉತ್ತರ: ಕಳಿಸಿ. ಚಿಕ್ಕಂದಿನಲ್ಲಿ ಇಸಬು ಇದ್ದವರಿಗೆ ಒದ್ದೆ ಕೆಲಸದಲ್ಲಿ ಕೈ ಕೆಡುವ ಸಂಭವ ಬೇರೆಯವರಿಗಿಂತ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲ ದಿನದಿಂದಲೇ ಕೈ ನೋಡಿಕೊಂಡವರು ನಿವೃತ್ತಿಯವರೆಗೆ ಕೆಲಸ ಮಾಡಿದ್ದಾರೆ. ಹಾಸ್ಟೆಲ್ಲಿಗೆ ಹೋಗುವಾಗ ಟ್ರಂಕಿನಲ್ಲಿ ಸುಗಂಧವಿಲ್ಲದ ಕ್ರೀಮಿನ ದೊಡ್ಡ ಡಬ್ಬಿ ಇರಲಿ, ಪಾತ್ರೆ, ಬಟ್ಟೆ ತೊಳೆಯಲು ಅವಳದೇ ಒಂದು ಜೊತೆ ಗ್ಲೌಸ್ ಇರಲಿ. ಡ್ಯೂಟಿಯಲ್ಲಿ ಉಂಗುರ ಬೇಡ, ಅದರ ಕೆಳಗೆ ಸೋಪು ಉಳಿದು ಇಸಬು ಮೊದಲು ಏಳುವುದು ಅಲ್ಲೇ. ಸೇರುವ ದಿನವೇ ಕಾಲೇಜಿನವರಿಗೆ ಹಳೆಯ ಇಸಬಿನ ವಿಷಯ ಹೇಳಿ, ಪೌಡರ್ ಇಲ್ಲದ ಗ್ಲೌಸ್ ಕೇಳಿ. ಎರಡು ವಾರಕ್ಕಿಂತ ಹೆಚ್ಚು ದಿನ ಬೆರಳ ಸಂದಿ ಕೆಂಪಾಗಿದ್ದರೆ ರಜೆಯವರೆಗೆ ತಡೆಯದೆ ಅಲ್ಲಿನ ಚರ್ಮವೈದ್ಯರಿಗೆ ತೋರಿಸಲಿ. ರಾತ್ರಿ ಹೊತ್ತು ತುರಿಕೆ ಹೆಚ್ಚಿ, ರೂಮಿನ ಜೊತೆಗಾತಿಯರಿಗೂ ತುರಿಸುತ್ತಿದ್ದರೆ ಅದು ಗ್ಲೌಸೂ ಅಲ್ಲ, ಇಸಬೂ ಅಲ್ಲ, ತುರಿಕಜ್ಜಿ. ಆಗ ಇಡೀ ರೂಮಿಗೆ ಒಟ್ಟಿಗೇ ಔಷಧ ಆಗಬೇಕು.